ಮನೆಯಲ್ಲೇ ಮೆಕ್ಸಿಕನ್ ಚೀಸ್‌ಬರ್ಗರ್: ಯಾವ ಪ್ಯಾಟಿ, ಯಾವ ಮೆಣಸಿನಕಾಯಿ, ಯಾವ ಚೀಸು?

ಬೆಂಗಳೂರಿನ ಮೆನುಗಳಲ್ಲಿ ‘ಮೆಕ್ಸಿಕನ್ ಬರ್ಗರ್’ ಅಂತ ಇದ್ದರೆ ತಟ್ಟೆಗೆ ಏನು ಬರುತ್ತದೆ ಅಂತ ಹೆಚ್ಚುಕಡಿಮೆ ಮೊದಲೇ ಹೇಳಬಹುದು. ಮಾಮೂಲಿ ಪ್ಯಾಟಿ, ಕೆಂಪಗಿನ ಮೇಯನೀಸು, ಮೇಲೆ ಬಾಟಲಿಯ ಹಲಪೆನೊ ಮೆಣಸಿನಕಾಯಿಯ ಮೂರ್ನಾಲ್ಕು ಚೂರು. ಹಸಿವಾದಾಗ ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಮೆಕ್ಸಿಕೊದ ಬೀದಿ ಗಾಡಿಗಳಲ್ಲಿ ಸಿಗುವ ಬರ್ಗರಿನ ದಾರಿಯೇ ಬೇರೆ. ಪ್ಯಾಟಿ ತೆಳ್ಳಗಿರುತ್ತದೆ. ಅದರ ಮೇಲೆ ಹ್ಯಾಮ್ ಹಾಳೆ, ಚೀಸು, ಬೆಣ್ಣೆ ಹಣ್ಣು, ಟೊಮೇಟೊ, ಈರುಳ್ಳಿ, ವಿನೆಗರಿನಲ್ಲಿ ನೆನೆದ ಮೆಣಸಿನಕಾಯಿ. ಕೆಲವು ಕಡೆ ಬಿಸಿ ಮಾಡಿದ ಅನಾನಸ್ ಬಿಲ್ಲೆಯೂ ಒಂದು. ಖಾರ, ಹುಳಿ, ಜಿಡ್ಡು ಮೂರೂ ಒಂದೇ ತುತ್ತಿನಲ್ಲಿ ಬರುತ್ತವೆ.

ಇದನ್ನು ಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ದುಡ್ಡು ಹಾಕುವುದು ಚೀಸಿಗೆ. ಆಮದು ಚೀಸು, ಬ್ರಿಯೋಶ್ ಬನ್ನು, ಜೊತೆಗೆ ‘ಟಾಕೊ ಸೀಸನಿಂಗ್’ ಪೊಟ್ಟಣ. ನನ್ನ ಲೆಕ್ಕ ಉಲ್ಟಾ. ಚೀಸಿನಲ್ಲಿ ಉಳಿಸಿ, ಮೆಣಸಿನಕಾಯಿಗೆ ಸಮಯ ಕೊಡಿ. ಮೆಕ್ಸಿಕೊದ ರುಚಿ ಬರುವುದು ಹುರಿದ ಒಣಮೆಣಸಿನಕಾಯಿ, ನಿಂಬೆಹಣ್ಣು, ಹಸಿ ಕೊತ್ತಂಬರಿಯಿಂದ. ಇವೆಲ್ಲ ನಮ್ಮ ಸಂತೆಯಲ್ಲೇ ಇವೆ. ಮೆಣಸಿನಕಾಯಿ, ಟೊಮೇಟೊ, ಮೆಕ್ಕೆಜೋಳ ಇವೆಲ್ಲ ಮೂಲದಲ್ಲಿ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದು ಈಗ ನಮ್ಮದೇ ಆಗಿದೆ. ನಿಂಬೆ ಮಾತ್ರ ಇತ್ತ ಏಷ್ಯಾ ಕಡೆಯಿಂದ ಅಲ್ಲಿಗೆ ಹೋಗಿದ್ದು.

ಆದರೂ ಮೊದಲು ತೀರ್ಮಾನ ಆಗಬೇಕಾದ್ದು ಪ್ಯಾಟಿ. ಯಾಕೆಂದರೆ ಊಟಕ್ಕೆ ಯಾರು ಕೂರುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ.

ಪ್ಯಾಟಿ: ಎಮ್ಮೆ, ಕುರಿ, ಕೋಳಿ, ರಾಜ್ಮಾ

ಮೂಲದ ಚೀಸ್‌ಬರ್ಗರ್ ದನದ ಮಾಂಸದ್ದು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಹಸು, ಎತ್ತುಗಳ ಮಾಂಸಕ್ಕೆ ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅನುಮತಿ. ಹಾಗಾಗಿ ಇಲ್ಲಿ ‘ಬೀಫ್’ ಅಂದರೆ ವಯಸ್ಸಾದ ಎಮ್ಮೆಯ ಮಾಂಸ. ಅದರ ಸ್ವಭಾವ ತಿಳಿದಿದ್ದರೆ ಅಡುಗೆ ಸುಲಭ. ಬಣ್ಣ ಗಾಢ, ಕೊಬ್ಬು ಕಡಿಮೆ, ನಾರು ಜಾಸ್ತಿ. ಎರಡು ಸಲ ಕೈಮಾ ಹಾಕಿಸಿದರೆ ನಾರಿನ ತೊಂದರೆ ತೀರುತ್ತದೆ. ಕೊಬ್ಬಿನ ಕೊರತೆ ತಾನಾಗಿ ತೀರುವುದಿಲ್ಲ. ಬರ್ಗರಿನ ಕೈಮಾದಲ್ಲಿ ನೂರಕ್ಕೆ ಸುಮಾರು 20 ಭಾಗ ಕೊಬ್ಬು ಇರಬೇಕು. ಇಲ್ಲದಿದ್ದರೆ ಪ್ಯಾಟಿ ಒಣಗಿ ಪುಡಿಪುಡಿಯಾಗುತ್ತದೆ. ಅಂಗಡಿಯವರಲ್ಲಿ ಕೊಬ್ಬನ್ನು ಬೇರೆಯಾಗಿ ಕೇಳಿ, ಜೊತೆಗೇ ಅರೆಸಿ. ಸಿಗದಿದ್ದರೆ ತಣ್ಣಗಿನ ಬೆಣ್ಣೆಯನ್ನು ತುರಿದು ಕೈಮಾಕ್ಕೆ ಬೆರೆಸಬಹುದು.

ಕುರಿ ಮಾಂಸಕ್ಕೆ ಆ ಕಷ್ಟ ಕಡಿಮೆ. ಭುಜದ ಭಾಗ ಕೇಳಿ, ‘ಕೊಬ್ಬು ತೆಗೀಬೇಡಿ’ ಅಂತ ಮೊದಲೇ ಹೇಳಿಬಿಡಿ. ನಮ್ಮಲ್ಲಿ ಕೈಮಾ ಉಂಡೆಗೆ ಅಂತ ಕೇಳಿದರೆ ಅಂಗಡಿಯವರು ಅಭ್ಯಾಸಬಲದಿಂದ ಕೊಬ್ಬು ಬಿಡಿಸಿ ಚೊಕ್ಕ ಮಾಡಿ ಕೊಡುತ್ತಾರೆ. ಬರ್ಗರಿಗೆ ಅದು ಬೇಡ. ಜಾನ್ಸನ್ ಮಾರ್ಕೆಟ್, ರಸೆಲ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಎದುರಿಗೇ ಅರೆಸಿಕೊಂಡು ಬರುವುದು ಒಳ್ಳೆಯದು. ಪ್ಯಾಕೆಟ್ಟಿನಲ್ಲಿ ಬರುವ ಕೈಮಾ ಒತ್ತಿ ಒತ್ತಿ ಮುದ್ದೆಯಾಗಿರುತ್ತದೆ, ನೀರೂ ಬಿಟ್ಟಿರುತ್ತದೆ. ಕುರಿಯ ವಾಸನೆ ಜೋರು ಅನ್ನುವವರಿಗೆ ಒಂದು ಮಾತು. ಹುರಿದ ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆ ಆ ವಾಸನೆಯೇ ಗುಣವಾಗುತ್ತದೆ. ಬೆಂಗಳೂರಿನಲ್ಲಿ ಮಾಡುವ ಮೆಕ್ಸಿಕನ್ ಬರ್ಗರಿಗೆ ನನ್ನ ಮೊದಲ ಆಯ್ಕೆ ಇದೇ. ಎಮ್ಮೆ ಮಾಂಸಕ್ಕಿಂತ ದುಬಾರಿ, ಸುಳ್ಳು ಯಾಕೆ ಹೇಳಲಿ.

ಕೋಳಿ ಎಲ್ಲರಿಗೂ ಒಗ್ಗುತ್ತದೆ, ಬೆಲೆಯೂ ಕಡಿಮೆ. ಆದರೆ ಎದೆ ಭಾಗದ ಕೈಮಾ ತಂದರೆ ರಬ್ಬರ್ ಚೆಂಡು ಗ್ಯಾರಂಟಿ. ತೊಡೆಯ ಮಾಂಸ ಬಿಡಿಸಿ ಅರೆಸಿ. ಅದು ಮೆತ್ತಗಿರುವುದರಿಂದ ಪ್ಯಾಟಿ ಮಾಡಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟರೆ ಕಾವಲಿಯ ಮೇಲೆ ಒಡೆಯುವುದಿಲ್ಲ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಕುರಿ, ಎಮ್ಮೆಯ ಕೈಮಾಕ್ಕೆ 71 ಸಾಕು. ಇಡೀ ತುಂಡು ಮಾಂಸದಲ್ಲಿ ಕ್ರಿಮಿಗಳು ಮೇಲ್ಮೈಯಲ್ಲಿ ಇರುತ್ತವೆ, ಅರೆದಾಗ ಒಳಗೂ ಸೇರುತ್ತವೆ. ಹಾಗಾಗಿ ಒಳಗೆ ಕೆಂಪಗೆ ಉಳಿಸುವ ಹೋಟೆಲ್ ಶೋಕಿ ಮನೆಗೆ ಬೇಡ.

ಈಗ ರಾಜ್ಮಾ. ವೆಜ್ ಪ್ಯಾಟಿ ಅಂದರೆ ನಮ್ಮಲ್ಲಿ ಆಲೂಗಡ್ಡೆಯೇ ಮುಂದೆ ಬರುತ್ತದೆ. ಆಲೂ ಪ್ಯಾಟಿಯ ಮೇಲೆ ಸಾಲ್ಸಾ, ಅಂದರೆ ಮೆಕ್ಸಿಕೊದ ಚಟ್ನಿ, ಸುರಿದರೆ ಅದು ಬೋಂಡಾ ಸ್ಯಾಂಡ್‌ವಿಚ್ ಆಗುತ್ತದೆ ಅಷ್ಟೇ. ಬೀನ್ಸ್ ಕಾಳು ಮೆಕ್ಸಿಕೊದ ದಿನದ ಊಟ, ಆದ್ದರಿಂದ ಇಲ್ಲಿ ರಾಜ್ಮಾ ನ್ಯಾಯವಾದ ಆಯ್ಕೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಉಳಿದಿರುತ್ತದೆ, ಅಲ್ಲಿ ರಿಯಾಯಿತಿ ಇಲ್ಲ. ಬೆಂದ ಮೇಲೆ ಕಾಳು ಬಸಿದು, ಅಗಲವಾದ ಬಾಣಲೆಯಲ್ಲಿ ನೀರಿನ ಪಸೆ ಹೋಗುವ ತನಕ ಕೈಯಾಡಿಸಿ. ಬೀನ್ಸ್ ಪ್ಯಾಟಿ ಮೆದುವಾಗಿ ಬನ್ನಿನಿಂದ ಹೊರಗೆ ಜಾರುವುದು ಈ ಒಂದು ಹೆಜ್ಜೆ ಬಿಟ್ಟಿದ್ದರಿಂದ. ಅರ್ಧ ಕಾಳನ್ನು ನುಣ್ಣಗೆ ಮಸೆಯಿರಿ, ಇನ್ನರ್ಧ ಒರಟಾಗಿರಲಿ. ಹುರಿದ ಈರುಳ್ಳಿ, ಜೀರಿಗೆ ಪುಡಿ, ಮೆಣಸಿನಕಾಯಿ ಪೇಸ್ಟ್ ಸೇರಿಸಿ. ಹಿಡಿತಕ್ಕೆ ತೆಳು ಅವಲಕ್ಕಿಯ ಪುಡಿ ಅಥವಾ ರಸ್ಕ್ ಪುಡಿ. ಉಪ್ಪಿನ ನಾಚೋಸ್ ಪುಡಿ ಮಾಡಿ ಹಾಕಿದರೆ ಮೆಕ್ಕೆಜೋಳದ ಪರಿಮಳವೂ ಸಿಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಹಿತಕಿದ ಅವರೆಬೇಳೆಯಿಂದ ಮಾಡಿದರೆ ಹೇಗೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರೆ ಮೇಳಕ್ಕೆ ಹೆಸರಾದ ಸಜ್ಜನ್ ರಾವ್ ಸರ್ಕಲ್ ಪಕ್ಕದಲ್ಲೇ ಮನೆ ಇದ್ದರೂ ನಾನು ಬೇಡ ಅನ್ನುತ್ತೇನೆ. ಅವರೆಯ ಸೊಗಡು ಸಾರಿಗೆ, ಉಪ್ಪಿಟ್ಟಿಗೆ ಇರಲಿ. ಮೆಣಸಿನಕಾಯಿ ಸಾಸ್ ಅದನ್ನು ಸಾಯಿಸಿಬಿಡುತ್ತದೆ.

ದಪ್ಪ ಪ್ಯಾಟಿಯೋ, ಒತ್ತಿದ ಪ್ಯಾಟಿಯೋ

ಮಾಂಸದ ಪ್ಯಾಟಿಗೆ ಎರಡು ದಾರಿ. ಒಂದು, ಸುಮಾರು 120 ಗ್ರಾಂ ತೂಕದ ದಪ್ಪ ಬಿಲ್ಲೆ. ಇನ್ನೊಂದು, 60 ಗ್ರಾಂನ ಎರಡು ಉಂಡೆಗಳನ್ನು ಕಾದ ಕಬ್ಬಿಣದ ಮೇಲೆ ಇಟ್ಟು ಒತ್ತಿ ತೆಳ್ಳಗೆ ಮಾಡುವುದು. ದಪ್ಪನೆಯದು ಕಾಣಲು ಚಂದ. ಆದರೆ ಒಳಗೆ ಬೇಯುವಷ್ಟರಲ್ಲಿ ಹೊರಗೆ ಒಣಗುತ್ತದೆ, ಮಧ್ಯೆ ಉಬ್ಬಿ ಚೆಂಡಾಗುತ್ತದೆ. ನಮ್ಮ ಕಡಿಮೆ ಕೊಬ್ಬಿನ ಮಾಂಸಕ್ಕೆ ಒತ್ತಿದ ಪ್ಯಾಟಿಯೇ ಸರಿ. ಮೆಕ್ಸಿಕೊದ ಗಾಡಿಯ ಪ್ಯಾಟಿಗೂ ಅದೇ ಹತ್ತಿರ.

ಇದಕ್ಕೆ ಬೇಕಾದ ಸಾಮಾನು ನಮ್ಮ ಅಡುಗೆಮನೆಗಳಲ್ಲಿ ಮೊದಲಿನಿಂದಲೂ ಇದೆ: ಬೀಡಿನ ದೋಸೆ ಕಾವಲಿ. ಮಾಂಸಕ್ಕೆ ಕಂದು ಬಣ್ಣ, ಹುರಿದ ಘಮ ಬರಲು ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ಬೀಡು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ತಣ್ಣನೆಯ ಮಾಂಸ ಬಿದ್ದರೂ ಕಾವು ಇಳಿಯುವುದಿಲ್ಲ. ನಾನ್‌ಸ್ಟಿಕ್ ತವಾ ಈ ಕೆಲಸಕ್ಕೆ ಬೇಡ. ಅಷ್ಟು ಉರಿಯಲ್ಲಿ ಅದರ ಲೇಪ ಹಾಳಾಗುತ್ತದೆ. ಇನ್ನು ‘ದೋಸೆ ಕಾವಲಿಗೆ ಮಾಂಸ ಸೋಕಿಸಿದರೆ ನೋಡು’ ಅನ್ನುವ ಅಜ್ಜಿಯೋ ಅತ್ತೆಯೋ ಮನೆಯಲ್ಲಿದ್ದರೆ ಬೇರೆ ಕಾವಲಿ ತಂದುಬಿಡಿ. ವಾದ ಮಾಡಿ ಗೆಲ್ಲುವ ವಿಷಯ ಅದಲ್ಲ. ಅವರ ಮಾತಿನಲ್ಲಿ ಅರ್ಥವೂ ಇದೆ, ಕುರಿ ಕೊಬ್ಬಿನ ವಾಸನೆ ಮರುದಿನದ ದೋಸೆಯಲ್ಲಿ ಖಂಡಿತ ಬರುತ್ತದೆ.

ಕೈಮಾಕ್ಕೆ ಉಪ್ಪು ಕಲಸಿ ನಾದಬೇಡಿ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ. ಕಬಾಬಿಗೆ ಅದು ಬೇಕು, ಬರ್ಗರಿಗೆ ಬೇಡ. ಉಂಡೆಯನ್ನು ಹಗುರವಾಗಿ ಕಟ್ಟಿ, ಹೊಗೆ ಬರುವಷ್ಟು ಕಾದ ಕಾವಲಿಗೆ ಹಾಕಿ, ಮೇಲೊಂದು ಬಟರ್ ಪೇಪರ್ ಇಟ್ಟು, ಭಾರದ ಸ್ಟೀಲ್ ಡಬ್ಬಿಯ ತಳದಿಂದ ತಕ್ಷಣ ಒತ್ತಿ. ಅರ್ಧ ನಿಮಿಷ ಕಳೆದ ಮೇಲೆ ಒತ್ತಿದರೆ ರಸವೆಲ್ಲ ಹೊರಗೆ. ಆಮೇಲೆ ಮೇಲೆ ಉಪ್ಪು, ಜೀರಿಗೆ ಪುಡಿ ಉದುರಿಸಿ. ಅಂಚು ಗರಿಗರಿಯಾದಾಗ ಸಟ್ಟುಗದಿಂದ ಕೆರೆದು ಎತ್ತಿ ಮಗುಚಿ. ಚೀಸು ಇಡುವುದು ಈಗ. ಇನ್ನೊಂದು ನಿಮಿಷಕ್ಕೆ ಆಯಿತು. ಕೋಳಿಗೂ ರಾಜ್ಮಾಗೂ ಈ ಒತ್ತುವ ವಿದ್ಯೆ ನಡೆಯುವುದಿಲ್ಲ. ಮೊದಲೇ ತಟ್ಟಿ, ಮಧ್ಯಮ ಉರಿಯಲ್ಲಿ ಎಣ್ಣೆ ಬಿಟ್ಟು ಬೇಯಿಸಿ.

ಮೆಣಸಿನಕಾಯಿ: ಇಲ್ಲೇ ಎಲ್ಲ ಇರುವುದು

ಚಿಪೋಟ್ಲೆ ಅಂದರೆ ಹಣ್ಣಾದ ಹಲಪೆನೊ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ್ದು. ಅಡೋಬೊ ಅನ್ನುವ ಹುಳಿ ಮಸಾಲೆ ಸಾಸಿನಲ್ಲಿ ಮುಳುಗಿಸಿದ ಚಿಪೋಟ್ಲೆಯ ಡಬ್ಬಿ ದೊಡ್ಡ ಸೂಪರ್ ಮಾರ್ಕೆಟ್ಟುಗಳ ಆಮದು ಕಪಾಟಿನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ. ಒಂದು ಬರ್ಗರಿಗೆ ಬೇಕಾದ್ದು ಒಂದು ಚಮಚ, ಉಳಿದದ್ದು ಫ್ರಿಜ್ಜಿನ ಮೂಲೆಗೆ. ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟು ಬಳಸುವ ಶಿಸ್ತು ಇದ್ದವರು ಧಾರಾಳವಾಗಿ ತರಲಿ. ಆ ಹೊಗೆಯ ರುಚಿಗೆ ಪೂರ್ತಿ ಬದಲಿ ಇಲ್ಲ.

ಆದರೆ ಮೆಕ್ಸಿಕೊದ ಸಾಲ್ಸಾಗಳೆಲ್ಲ ಚಿಪೋಟ್ಲೆಯಲ್ಲೇ ಆಗುವುದಿಲ್ಲ. ಬಣ್ಣಕ್ಕೆ, ಪರಿಮಳಕ್ಕೆ ಅಂತ ಅವರು ಬಳಸುವ ಖಾರ ಕಡಿಮೆಯ ಒಣಮೆಣಸಿನಕಾಯಿಗಳೂ ಇವೆ. ಆ ಜಾಗಕ್ಕೆ ನಮ್ಮ ಬ್ಯಾಡಗಿ ನೆಟ್ಟಗೆ ಕೂರುತ್ತದೆ. ಒಂಟಿ ಬ್ಯಾಡಗಿಯಲ್ಲಿ ಖಾರ ಸಾಲದು ಅನ್ನಿಸಿದರೆ ಒಂದೆರಡು ಗುಂಟೂರು ಸೇರಿಸಿ. ಹತ್ತು ಬ್ಯಾಡಗಿಯ ತೊಟ್ಟು, ಬೀಜ ತೆಗೆದು, ಎಣ್ಣೆ ಇಲ್ಲದ ಕಾವಲಿಯ ಮೇಲೆ ಘಮ ಬರುವಷ್ಟು ಮಾತ್ರ ಬಿಸಿ ಮಾಡಿ. ಕಪ್ಪಾದರೆ ಕಹಿ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಅಷ್ಟರಲ್ಲಿ ಅದೇ ಕಾವಲಿಯ ಮೇಲೆ ಎರಡು ಟೊಮೇಟೊ, ಸಿಪ್ಪೆ ಸಮೇತ ನಾಲ್ಕು ಬೆಳ್ಳುಳ್ಳಿ ಎಸಳು, ಅರ್ಧ ಈರುಳ್ಳಿ ಸುಟ್ಟುಕೊಳ್ಳಿ. ಎಲ್ಲ ಸೇರಿಸಿ, ಒಂದು ಚಮಚ ವಿನೆಗರ್, ಉಪ್ಪು, ಚಿಟಿಕೆ ಬೆಲ್ಲ ಹಾಕಿ ರುಬ್ಬಿ. ಮೆಕ್ಸಿಕೊದಲ್ಲಿ ಮಾಡುವುದೂ ಹೀಗೇ. ಅವರ ಕೋಮಾಲ್ ನಮ್ಮ ಕಾವಲಿಯಂಥದ್ದೇ, ರುಬ್ಬಲು ಅವರಿಗೂ ಕಲ್ಲಿದೆ. ಹೊಗೆ ಬೇಕೇ ಬೇಕು ಅಂದರೆ ಅರ್ಧ ಚಮಚ ಸ್ಮೋಕ್ಡ್ ಪ್ಯಾಪ್ರಿಕಾ ಹಾಕಿ. ಕೆಂಡದ ಮೇಲೆ ತುಪ್ಪ ಬಿಟ್ಟು ಹೊಗೆ ಕೊಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ತುಪ್ಪದ ಹೊಗೆ ಬಂದ ಕೂಡಲೇ ಬರ್ಗರ್ ಸೀದಾ ಬಿರಿಯಾನಿ ಹೋಟೆಲ್ ಕಡೆಗೆ ಹೋಗಿಬಿಡುತ್ತದೆ.

ಹಸಿ ಖಾರಕ್ಕೆ ಬಾಟಲಿಯ ಹಲಪೆನೊ ತಪ್ಪಿಲ್ಲ. ಆದರೆ ಅದು ಮೆತ್ತಗೆ, ಬರೀ ಉಪ್ಪು ಹುಳಿ. ಬದಲಿಗೆ ಬಜ್ಜಿ ಮೆಣಸಿನಕಾಯಿ ನೋಡಿ. ತಿರುಳು ದಪ್ಪ, ಖಾರ ಹದವಾಗಿ. ಬಿಲ್ಲೆ ಮಾಡಿ, ಕ್ಯಾರೆಟ್ ಬಿಲ್ಲೆ, ಈರುಳ್ಳಿ, ಬೆಳ್ಳುಳ್ಳಿಯ ಜೊತೆ ಸ್ವಲ್ಪ ಎಣ್ಣೆಯಲ್ಲಿ ಒಂದು ನಿಮಿಷ ಬಾಡಿಸಿ. ಸಮ ಸಮ ವಿನೆಗರ್ ಮತ್ತು ನೀರು, ಉಪ್ಪು, ಒಂದು ದಾಲ್ಚಿನ್ನಿ ಎಲೆ ಹಾಕಿ ಕುದಿ ಬರಿಸಿ ಇಳಿಸಿ. ಮೆಕ್ಸಿಕೊದಲ್ಲೂ ಈ ಉಪ್ಪಿನಕಾಯಿಗೆ ಕ್ಯಾರೆಟ್ ಬೀಳುತ್ತದೆ. ಒರೆಗಾನೊ ಪೊಟ್ಟಣದ ಬದಲು ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ಒಂದೆರಡು ಎಲೆ ಕೈಯಲ್ಲಿ ಹರಿದು ಹಾಕಿ. ಪರಿಮಳ ಆಶ್ಚರ್ಯ ಆಗುವಷ್ಟು ಹತ್ತಿರ. ಮಾರನೇ ದಿನಕ್ಕೆ ಇದು ಇನ್ನೂ ಚೆನ್ನಾಗಿರುತ್ತದೆ, ಆದ್ದರಿಂದ ಹಿಂದಿನ ದಿನವೇ ಮಾಡಿಡಿ.

ಟಾಕೊ ಸೀಸನಿಂಗ್ ಪೊಟ್ಟಣದ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಜೀರಿಗೆ, ಮೆಣಸಿನಪುಡಿ, ಬೆಳ್ಳುಳ್ಳಿ ಪುಡಿ, ಒರೆಗಾನೊ, ಉಪ್ಪು. ಮೊದಲ ಎರಡು ನಿಮ್ಮ ಮಸಾಲೆ ಡಬ್ಬಿಯಲ್ಲೇ ಇವೆ ಅಲ್ವಾ?

ಚೀಸು: ಅಗ್ಗದ್ದೇ ಗೆಲ್ಲುವ ಜಾಗ

ಪ್ಯಾಟಿಯ ಮೇಲೆ ಕರಗಲು ಪ್ರೊಸೆಸ್ಡ್ ಚೀಸ್ ಸ್ಲೈಸಿಗೆ ಸಾಟಿ ಇಲ್ಲ. ಅದರಲ್ಲಿರುವ ಲವಣಗಳು ಕೊಬ್ಬು, ನೀರು, ಪ್ರೋಟೀನ್ ಮೂರನ್ನೂ ಒಟ್ಟಿಗೆ ಹಿಡಿದಿಡುತ್ತವೆ. ಬಿಸಿ ತಾಗಿದಾಗ ಎಣ್ಣೆ ಬಿಡದೆ ನುಣ್ಣಗೆ ಹರಿಯುತ್ತದೆ. ಹಳೆಯ ಚೆಡ್ಡಾರ್ ರುಚಿಯಲ್ಲಿ ಮೇಲು, ಕರಗಿದಾಗ ಮಾತ್ರ ಎಣ್ಣೆ ಬಿಡುತ್ತದೆ. ಎರಡೂ ಬೇಕು ಅನ್ನುವವರು ಸ್ಲೈಸಿನ ಕೆಳಗೆ ಸ್ವಲ್ಪ ಚೆಡ್ಡಾರ್ ತುರಿ ಹಾಕಲಿ. ಅಲ್ಲಿಗೆ ಆ ವ್ಯಾಜ್ಯ ಮುಗಿಯಿತು.

ಮೊಜರೆಲ್ಲಾಗೂ ಹಕ್ಕಿದೆ. ಮೆಕ್ಸಿಕೊದ ಓವಾಹಾಕಾ ಚೀಸು ಮೊಜರೆಲ್ಲಾದಂತೆಯೇ ಬಿಸಿನೀರಿನಲ್ಲಿ ಎಳೆದು ಮಾಡುವ ನಾರು ಚೀಸು. ಪಿಜ್ಜಾಕ್ಕೆ ಅಂತ ಬರುವ ಗಟ್ಟಿ ಬ್ಲಾಕ್ ತಂದು ಮನೆಯಲ್ಲೇ ತುರಿಯಿರಿ. ರುಚಿ ಸಪ್ಪೆ, ಆದ್ದರಿಂದ ರಾಜ್ಮಾ, ಕೋಳಿ ಪ್ಯಾಟಿಗೆ ಹೊಂದುತ್ತದೆ. ಕುರಿಯ ಮುಂದೆ ಕಾಣೆಯಾಗುತ್ತದೆ. ನಮ್ಮೂರಿನ ಬೆನೆಡಿಕ್ಟಿನ್ ಸನ್ಯಾಸಿಗಳು ಮಾಡುವ ವಲ್ಲೊಂಬ್ರೋಸಾ ಮೊಜರೆಲ್ಲಾದಂಥ ತಾಜಾ ಚೀಸನ್ನು ದಯವಿಟ್ಟು ಬರ್ಗರಿಗೆ ಹಾಕಬೇಡಿ. ನೀರು ಬಿಟ್ಟು ಬನ್ನು ನೆನೆಯುತ್ತದೆ. ಅದು ಟೊಮೇಟೊ ಜೊತೆ ಹಾಗೇ ತಿನ್ನುವ ವಸ್ತು.

ಪನೀರ್? ಕಾದ ಹಾಲನ್ನು ಹುಳಿಯಿಂದ ಒಡೆದು ಮಾಡಿದ್ದಾದ್ದರಿಂದ ಅದು ಕರಗುವುದಿಲ್ಲ. ಹಾಗಂತ ದೂರ ಇಡಬೇಕಿಲ್ಲ. ನಂದಿನಿ ಪನೀರನ್ನು ಪುಡಿ ಮಾಡಿ, ಉಪ್ಪು ಸ್ವಲ್ಪ ಜೋರಾಗಿ ಹಾಕಿ, ನಿಂಬೆರಸ ಹಿಂಡಿ ಮೇಲೆ ಉದುರಿಸಿ. ಮೆಕ್ಸಿಕೊದಲ್ಲಿ ಪುಡಿಪುಡಿಯಾಗುವ ತಾಜಾ ಚೀಸನ್ನು ಹೀಗೇ ಉದುರಿಸುತ್ತಾರೆ. ಕರಗಿದ ಸ್ಲೈಸು ಕೆಳಗೆ, ಪನೀರ್ ಪುಡಿ ಮೇಲೆ: ನನ್ನ ಮಟ್ಟಿಗೆ ಇದೇ ಅತ್ಯುತ್ತಮ ಜೋಡಿ. ಶುದ್ಧ ಸಸ್ಯಾಹಾರಿಗಳು ಆಮದು ಚೀಸು ತರುವುದಾದರೆ ಹಸಿರು ಚುಕ್ಕೆ ನೋಡಿಯೇ ತನ್ನಿ. ಕೆಲವಕ್ಕೆ ಹಾಲು ಹೆಪ್ಪುಗಟ್ಟಲು ಪ್ರಾಣಿಮೂಲದ ರೆನೆಟ್ ಹಾಕಿರುತ್ತಾರೆ.

ಬೆಣ್ಣೆ ಹಣ್ಣು, ಬನ್ನು ಮತ್ತು ಉಳಿದದ್ದು

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಬೆಣ್ಣೆ ಹಣ್ಣು ದೊಡ್ಡದು, ಹಸಿರು ಸಿಪ್ಪೆ, ನೀರಿನಂಶ ಜಾಸ್ತಿ. ಜ್ಯೂಸಿಗೆ ಹೇಳಿ ಮಾಡಿಸಿದ್ದು. ಆಮದಾಗುವ ಹಾಸ್ ತಳಿ ಸಣ್ಣದು, ಸಿಪ್ಪೆ ಕಪ್ಪು, ಜಿಡ್ಡು ಹೆಚ್ಚು, ಬೆಲೆಯೂ ಹೆಚ್ಚು. ಬಿಲ್ಲೆ ಮಾಡಿ ಇಡುವುದಾದರೆ ಹಾಸ್ ಮೇಲು. ಗ್ವಾಕಮೊಲೆ ಮಾಡುವುದಾದರೆ ಮಳೆಗಾಲದ ಕೊಡಗಿನ ಹಣ್ಣೇ ಸಾಕು. ಮಸೆದು, ಜಾಲರಿಯಲ್ಲಿ ಹತ್ತು ನಿಮಿಷ ಇಟ್ಟು ನೀರು ಇಳಿಸಿ, ಆಮೇಲೆ ನಿಂಬೆ, ಉಪ್ಪು, ಹಸಿಮೆಣಸು, ಕೊತ್ತಂಬರಿ. ಸೀಸನ್ ಇಲ್ಲದಾಗ ಕಲ್ಲಿನಂಥ ಹಣ್ಣು ತಂದು ಅಕ್ಕಿ ಡಬ್ಬಿಯಲ್ಲಿ ಹುಗಿದು ಕಾಯುವುದಕ್ಕಿಂತ ಬಿಟ್ಟೇಬಿಡಿ. ಗಟ್ಟಿ ಮೊಸರಿಗೆ ನಿಂಬೆ ಸಿಪ್ಪೆ ತುರಿದು ಹಚ್ಚಿದರೆ ತಂಪಿನ ಕೆಲಸ ಅದೇ ಮಾಡುತ್ತದೆ.

ಬನ್ನಿನ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಬ್ರಿಯೋಶ್ ಸಿಹಿ, ಬೆಣ್ಣೆ ಭಾರ. ರಸದ ಸಾಲ್ಸಾ ಬಿದ್ದ ಕೂಡಲೇ ಕುಸಿಯುತ್ತದೆ. ಸೂಪರ್ ಮಾರ್ಕೆಟ್ಟಿನ ಎಳ್ಳಿನ ಬನ್ನು ಪರವಾಗಿಲ್ಲ. ಆದರೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನು ಇದೆಯಲ್ಲ, ಒಳಗೆ ಹಸಿಮೆಣಸು, ಈರುಳ್ಳಿ, ಸೊಪ್ಪು ಇರುವಂಥದ್ದು, ಅದು ಈ ಬರ್ಗರಿಗೇ ಹುಟ್ಟಿದಂತಿದೆ. ಸಾಯಂಕಾಲದ ಬಿಸಿ ಬನ್ನು ಮೆತ್ತಗಿರುತ್ತದೆ, ಬೆಳಗ್ಗೆಯದಾದರೆ ಕತ್ತರಿಸಲು ಸುಲಭ. ಮಕ್ಕಳಿದ್ದರೆ ಖಾರ ಇಲ್ಲದ ಸಾದಾ ಬನ್ನು ತನ್ನಿ. ಚೆರ್ರಿ ಹಾಕಿದ ಸಿಹಿ ಬನ್ನು ಮಾತ್ರ ಬೇಡ. ಯಾವುದೇ ಆದರೂ ಕತ್ತರಿಸಿದ ಮುಖಕ್ಕೆ ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗಾಗುವಂತೆ ಒತ್ತಿ. ಆ ಗರಿ ಪದರವೇ ರಸ ಒಳಗಿಳಿಯದಂತೆ ತಡೆಯುತ್ತದೆ.

ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ನಿಂಬೆರಸ, ಉಪ್ಪಿನಲ್ಲಿ ಅರ್ಧ ಗಂಟೆ ಬಿಡಿ, ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅನಾನಸ್ ಇಷ್ಟವಿದ್ದರೆ ತೆಳು ಬಿಲ್ಲೆಯನ್ನು ಕಾವಲಿಯ ಮೇಲೆ ಕಲೆ ಬೀಳುವಂತೆ ಸುಡಿ. ಹಸಿಯಾಗಿ ಇಡಬೇಡಿ.

ಯಾರಿಗೆ ಯಾವುದು

ಮಾಂಸ ತಿನ್ನುವ ಮನೆ, ಕೈಯಲ್ಲಿ ಒಂದು ಭಾನುವಾರ ಇದೆ ಅಂದರೆ: ಒತ್ತಿದ ಕುರಿ ಪ್ಯಾಟಿ ಎರಡು, ಸ್ಲೈಸ್ ಚೀಸು, ಬ್ಯಾಡಗಿ ಸಾಲ್ಸಾ, ಬಜ್ಜಿ ಮೆಣಸಿನಕಾಯಿ ಉಪ್ಪಿನಕಾಯಿ, ಖಾರಾ ಬನ್ನು. ಆಫೀಸಿನಿಂದ ಬಂದು ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದರೆ ಕೋಳಿ ತೊಡೆ, ಮೊಜರೆಲ್ಲಾ, ಬಾಟಲಿಯ ಹಲಪೆನೊ. ಸಾಲ್ಸಾ ಬದಲು ಹಸಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ, ನಿಂಬೆ ಕಲಸಿದ ಪಿಕೊ ದೆ ಗಾಯೊ.

ಸಸ್ಯಾಹಾರಿ ಮನೆಗೆ ರಾಜ್ಮಾ ಪ್ಯಾಟಿ, ಮೊಜರೆಲ್ಲಾ, ಮೇಲೆ ಪನೀರ್ ಪುಡಿ. ಜೊತೆಗೆ ಇನ್ನೊಂದು ಸೇರಿಸಿ. ದೊಣ್ಣೆ ಮೆಣಸಿನಕಾಯಿಯನ್ನು ಗ್ಯಾಸ್ ಉರಿಯಲ್ಲಿ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಸಿಪ್ಪೆ ಬಿಡಿಸಿ, ಸೀಳಿ, ಈರುಳ್ಳಿಯ ಜೊತೆ ಎರಡು ಚಮಚ ಫ್ರೆಶ್ ಕ್ರೀಮಿನಲ್ಲಿ ಬಾಡಿಸಿ. ಮೆಕ್ಸಿಕೊದಲ್ಲಿ ಇದನ್ನು ಪೊಬ್ಲಾನೊ ಮೆಣಸಿನಕಾಯಿಯಲ್ಲಿ ಮಾಡುತ್ತಾರೆ, ರಾಹಾಸ್ ಅನ್ನುತ್ತಾರೆ. ಮಾಂಸವಿಲ್ಲದ ಬರ್ಗರಿಗೆ ಬೇಕಾದ ಗಾಢತೆ ಇದರಿಂದ ಬರುತ್ತದೆ.

ಎರಡೂ ಥರದ ಜನ ಬರುವ ಮನೆಯಾದರೆ ಸಾಲ್ಸಾ, ಉಪ್ಪಿನಕಾಯಿ, ಗ್ವಾಕಮೊಲೆ ಎಲ್ಲರಿಗೂ ಒಂದೇ ಇರಲಿ. ಪ್ಯಾಟಿ, ಕಾವಲಿ, ಸಟ್ಟುಗ ಮಾತ್ರ ಬೇರೆ. ರಾಜ್ಮಾ ಮೊದಲು ಮುಗಿಸಿಬಿಡಿ. ರಾಜ್ಮಾ ಪ್ಯಾಟಿ ಒಲೆಯ ಪಕ್ಕ ಮುಚ್ಚಿಟ್ಟರೆ ಅರ್ಧ ಗಂಟೆ ಕಾಯುತ್ತದೆ, ಒತ್ತಿದ ಮಾಂಸದ ಪ್ಯಾಟಿ ಐದು ನಿಮಿಷವೂ ಕಾಯುವುದಿಲ್ಲ. ಉಳಿದ ಹಸಿ ಕೈಮಾ ಉಂಡೆಗಳನ್ನು ಬಟರ್ ಪೇಪರ್ ನಡುವೆ ಇಟ್ಟು ಅವತ್ತೇ ಫ್ರೀಜರಿಗೆ ಹಾಕಿ. ಮತ್ತೆ ಮಾಡುವ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿದರೆ ಬೆಳಗ್ಗೆಗೆ ಕರಗಿರುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ.